ಬಸ್ಸಿಳಿದರೆ ಬೆಟ್ಟ, ಬೆಟ್ಟವಿಳಿದರೆ ಕಡಲು

ಹಾಂಗ್‌ಕಾಂಗ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರಿಗೆ ಸುಳಿಯುವ ಚಿತ್ರ ಯಾವುದು? ಆಕಾಶಕ್ಕೆ ನಿಚ್ಚಣಿಕೆ ಹಾಕಿದಂತೆ ನಿಂತ ಮಹಡಿಗಳು, ಅವುಗಳ ನಡುವೆ ಬಿಸಿಲನ್ನೇ ಕಾಣದ ಬೀದಿಗಳು, ಹಗಲಿರುಳೂ ನಿಲ್ಲದ ವ್ಯಾಪಾರದ ಭರಾಟೆ. ಅಲ್ಲಿಗೆ ಹೋಗಿ ಬಂದ ನಮ್ಮವರಲ್ಲಿ ಬಹುಮಂದಿ ಬಣ್ಣಿಸುವುದೂ ಇದನ್ನೇ. ಜೊತೆಗೆ ಅವರು ಕೊಂಡುತಂದ ಕ್ಯಾಮರಾದ ಬೆಲೆಯನ್ನು. ಆದರೆ ಆ ಊರಿನ ಒಟ್ಟು ನೆಲದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಇಂದಿಗೂ ಬೆಟ್ಟ, ಕಾಡು, ಹುಲ್ಲುಗಾವಲು ಮತ್ತು ಕಡಲ ತೀರವಾಗಿಯೇ ಉಳಿದಿದೆಯೆಂದರೆ, ಹೀಗೆ ಉಳಿಯುವಂತೆ ಕಾನೂನಿನಿಂದಲೇ ಕಾಯ್ದಿಡಲಾಗಿದೆಯೆಂದರೆ, ಕೇಳಿದವರು ಹುಬ್ಬೇರಿಸದಿರಲಾರರು. ಅಲ್ಲಿನ ನೆಲವಾದರೂ ಎಷ್ಟು? ಸುಮಾರು ೧,೧೦೦ ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರ ಜಿಲ್ಲೆಯ ಅರ್ಧದಷ್ಟು. ಅಷ್ಟರಲ್ಲಿಯೇ ೭೫ ಲಕ್ಷ ಜನ ಬಾಳಬೇಕು.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಬೆಟ್ಟಗಳನ್ನು ಏರಲು ಕಾರು ಬೇಡ, ಮಾರ್ಗದರ್ಶಿ ಬೇಡ, ಮುಂಗಡವಾಗಿ ಚೀಟಿ ಕೊಳ್ಳಬೇಕಾದುದೂ ಇಲ್ಲ. ಮನೆಯ ಮುಂದಿನ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ಸಾಕು. ಭಾನುವಾರ ಬೆಳಗಿನ ಬಸ್ಸುಗಳಲ್ಲಿ ಊರುಗೋಲು ಹಿಡಿದ ಅಜ್ಜ ಅಜ್ಜಿಯರು, ಬುತ್ತಿಯ ಚೀಲ ಹೊತ್ತ ಗೃಹಿಣಿಯರು, ಗದ್ದಲವೆಬ್ಬಿಸುವ ಹುಡುಗರು ಎಲ್ಲರೂ ಉಂಟು. ಪರರ ಮನೆಗಳಲ್ಲಿ ಮನೆಗೆಲಸ ಮಾಡುತ್ತ ವಾರವಿಡೀ ಅಲ್ಲಿಯೇ ವಾಸಿಸುವ ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯದ ಹೆಣ್ಣುಮಕ್ಕಳು ಆ ನಗರದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ವಾರಕ್ಕೊಮ್ಮೆ ದೊರೆಯುವ ಒಂದೇ ಬಿಡುವಿನ ದಿನವನ್ನು ಬೆಟ್ಟದ ಮೇಲೆ ಕಳೆಯುವವರು ಅವರಲ್ಲಿಯೂ ಹಲವರು. ಬಸ್ಸಿನ ದರ ಕೊಟ್ಟವರಿಗೆಲ್ಲ ಬೆಟ್ಟ ಒಂದೇ.

ನಗರಕ್ಕೆ ತೀರ ಸಮೀಪದ ಹಾದಿಯಿಂದಲೇ ಆರಂಭಿಸಬಹುದು. ಹಾಂಗ್‌ಕಾಂಗ್ ದ್ವೀಪದ ಪೂರ್ವ ಭಾಗದಲ್ಲಿ ಶೌಕೇವಾನ್ ಎಂಬ ಬಡಾವಣೆಯಿದೆ. ಅಲ್ಲಿಂದ ಹೊರಡುವ ೯ನೆಯ ನಂಬರಿನ ಬಸ್ಸು ಬೆಟ್ಟದ ಸೆರಗನ್ನು ಸುತ್ತಿ ಸುತ್ತಿ ಶೆಕ್ ಓ ಎಂಬ ಕಡಲತೀರದ ಹಳ್ಳಿಗೆ ಸಾಗುತ್ತದೆ. ನಡುದಾರಿಯ ತೋತೇವಾನ್ ಎಂಬಲ್ಲಿ ಇಳಿದು ಕಲ್ಲಿನ ಮೆಟ್ಟಿಲುಗಳನ್ನು ಏರಿದರೆ ಸ್ವಲ್ಪ ಹೊತ್ತಿನಲ್ಲಿಯೇ ‘ಡ್ರಾಗನ್ನಿನ ಬೆನ್ನು’ ಎಂದು ಪ್ರಸಿದ್ಧವಾದ ಬೆಟ್ಟದ ಏಣು ಸಿಗುತ್ತದೆ. ಏಣು ಏಳುತ್ತ ಬೀಳುತ್ತ ಸಾಗುವ ಬಗೆಯನ್ನು ನೋಡಿಯೇ ಈ ಹೆಸರಿಟ್ಟಿರಬೇಕು. ಅತ್ಯುನ್ನತ ಸ್ಥಾನವೂ ೨೮೪ ಮೀಟರಿಗಿಂತ ಎತ್ತರವಲ್ಲ. ಮಕ್ಕಳೂ ನಗುನಗುತ್ತ ಏರಬಲ್ಲರು. ಒಂದು ಕಡೆ ದಕ್ಷಿಣ ಚೀನಾ ಸಮುದ್ರ, ಇನ್ನೊಂದು ಕಡೆ ಗಿಡಮರಗಳಿಂದ ತುಂಬಿದ ಕಣಿವೆ. ಸುಮಾರು ಎಂಟೂವರೆ ಕಿಲೋಮೀಟರಿನ ಈ ನಡಿಗೆ ‘ದೊಡ್ಡ ಅಲೆಯ ಕೊಲ್ಲಿ’ ಎಂಬ ಮರಳು ದಂಡೆಯಲ್ಲಿ ಮುಗಿಯುತ್ತದೆ. ಅಲ್ಲಿಯ ಬಂಡೆಯೊಂದರ ಮೇಲೆ ಸುರುಳಿ ಸುರುಳಿಯಾದ ಪುರಾತನ ಕೆತ್ತನೆಯೊಂದಿದ್ದು, ಅದು ೧೯೭೦ರಲ್ಲಿ ಬೆಳಕಿಗೆ ಬಂದಿತು. ಕಂಚಿನ ಯುಗದ ಕೈಗಳು ಕಡಲನ್ನು ನೋಡುತ್ತ ಕೆತ್ತಿದ ಆ ಚಿತ್ತಾರದ ಅರ್ಥವನ್ನು ಯಾರೂ ಬಿಡಿಸಿಲ್ಲ.

ನೀರು ಉಳಿಸಿದ ಬೆಟ್ಟಗಳು

ಒಂದೊಂದು ಅಂಗುಲ ನೆಲಕ್ಕೂ ಹೊನ್ನಿನ ಬೆಲೆಯಿರುವ ಊರಿನಲ್ಲಿ ಇಷ್ಟು ಬೆಟ್ಟಗಳು ಉಳಿದುದಾದರೂ ಹೇಗೆ? ಪ್ರಕೃತಿಪ್ರೇಮವೆಂದು ಸುಲಭವಾಗಿ ಹೇಳಿಬಿಡಬಹುದು. ನಿಜವಾದ ಕಾರಣ ನೀರು. ಹಾಂಗ್‌ಕಾಂಗಿನಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಕಾಲುವೆಗಳಿಂದ ಹಿಡಿದು ಜಲಾಶಯಗಳಿಗೆ ತುಂಬಿಕೊಳ್ಳಬೇಕಾಗಿತ್ತು. ೧೯೬೩ರಲ್ಲಿ ಮಳೆ ಕೈಕೊಟ್ಟಾಗ ನಾಲ್ಕು ದಿನಗಳಿಗೊಮ್ಮೆ ನಾಲ್ಕು ಗಂಟೆಗಳ ಕಾಲ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು. ಬಕೆಟ್ಟು, ಡಬ್ಬಿ, ಕೊಡಗಳನ್ನು ಸಾಲಾಗಿಟ್ಟು ಜನ ಬೀದಿಯಲ್ಲಿ ಕಾದು ನಿಂತರು. ಬೇಸಗೆಯಲ್ಲಿ ಬೆಂಗಳೂರಿನ ಗೃಹಿಣಿಯರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾದುದಿಲ್ಲ. ಜಲಾಶಯಗಳ ಮೇಲಣ ಇಳಿಜಾರುಗಳಲ್ಲಿ ಮನೆ ಕಟ್ಟಗೊಟ್ಟರೆ ಕುಡಿಯುವ ನೀರಿಗೇ ಕುತ್ತು ಬಂದೀತೆಂಬ ಭಯ ಬೆಟ್ಟಗಳನ್ನು ಕಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೌದೆಗಾಗಿ ಕಡಿದು ಬೋಳಾಗಿಸಿದ್ದ ಗುಡ್ಡಗಳ ಮೇಲೆ ಮತ್ತೆ ಸಸಿ ನೆಟ್ಟದ್ದಕ್ಕೂ ಮಣ್ಣು ಕೊಚ್ಚಿ ಕೆರೆಗೆ ಸೇರಬಾರದೆಂಬುದು ಒಂದು ಕಾರಣವಾಗಿತ್ತು.

ಜನರ ನೆಮ್ಮದಿಯ ಯೋಚನೆ ಬಂದದ್ದು ಆಮೇಲೆ. ೧೯೬೫ರಲ್ಲಿ ಟಾಲ್ಬಟ್ ದಂಪತಿಗಳು ಹಾಂಗ್‌ಕಾಂಗಿನ ಹಳ್ಳಿಗಾಡಿನ ರಕ್ಷಣೆಯನ್ನು ಕುರಿತು ವರದಿಯೊಂದನ್ನು ಒಪ್ಪಿಸಿದರು. ೧೯೬೭ರ ದೊಂಬಿಗಳು ನಗರವನ್ನು ನಡುಗಿಸಿದ ಬಳಿಕ, ಇಕ್ಕಟ್ಟಾದ ಕೋಣೆಗಳಲ್ಲಿ ಬೆಳೆಯುತ್ತಿದ್ದ ಯುವಕರಿಗೆ ಕಾಲು ಚಾಚಲು ಒಂದಿಷ್ಟು ಸ್ಥಳ ಬೇಕೆಂಬುದು ಆಳುವವರಿಗೂ ಮನವರಿಕೆಯಾಯಿತು. ೧೯೭೧ರಿಂದ ೧೯೮೨ರವರೆಗೆ ಗವರ್ನರ್ ಆಗಿದ್ದ ಮರೇ ಮ್ಯಾಕ್ಲಹೋಸ್ ಸ್ವತಃ ಬೆಟ್ಟ ಸುತ್ತುವುದರಲ್ಲಿ ಆಸಕ್ತರು. ಅವರ ಕಾಲದಲ್ಲಿ, ೧೯೭೬ರಲ್ಲಿ, ಕಂಟ್ರಿ ಪಾರ್ಕುಗಳ ಶಾಸನವಾಯಿತು. ೧೯೭೯ರಲ್ಲಿ ನೂರು ಕಿಲೋಮೀಟರಿನ ಮೊದಲನೆಯ ದೀರ್ಘ ಕಾಲುಹಾದಿ ಅವರ ಹೆಸರನ್ನೇ ಹೊತ್ತು ತೆರೆಯಿತು. ಇಂದು ಅಂಥ ಪಾರ್ಕುಗಳು ೨೫.

ಲಾಂಟಾವ್: ದೊಡ್ಡ ದ್ವೀಪ

ಇಷ್ಟೆಲ್ಲ ಹಾದಿಗಳಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಲಾಂಟಾವ್ ದ್ವೀಪ. ಚೀನೀಯರು ಇದನ್ನು ತಾಯ್ ಯೂ ಶಾನ್, ಎಂದರೆ ದೊಡ್ಡ ದ್ವೀಪದ ಬೆಟ್ಟ, ಎಂದು ಕರೆಯುತ್ತಾರೆ. ವಿಸ್ತಾರದಲ್ಲಿ ಹಾಂಗ್‌ಕಾಂಗ್ ದ್ವೀಪದ ಹತ್ತಿರ ಹತ್ತಿರ ಎರಡರಷ್ಟಿದ್ದರೂ ಬಹುಕಾಲ ಇದು ಬೆಸ್ತರು, ರೈತರು, ಸನ್ಯಾಸಿಗಳು ಮಾತ್ರ ಇದ್ದ ನಿರ್ಜನಪ್ರಾಯ ಸ್ಥಳವಾಗಿತ್ತು. ದಕ್ಷಿಣ ಲಾಂಟಾವಿಗೆ ಮೋಟಾರು ರಸ್ತೆ ಬಂದದ್ದು ಶೆಕ್ ಪಿಕ್ ಜಲಾಶಯದ ನಿಮಿತ್ತ. ೧೯೬೩ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿಗೆ ಸಾಮಗ್ರಿ ಸಾಗಿಸಲು ರಸ್ತೆ ಕಡಿದರು; ಕಣಿವೆಯ ಹಳ್ಳಿಗರು ಗದ್ದೆ ಮನೆಗಳನ್ನು ನೀರಿಗೆ ಬಿಟ್ಟು ಪಟ್ಟಣ ಸೇರಿದರು. ಲಿಂಗನಮಕ್ಕಿಯ ಹಿನ್ನೀರನ್ನು ಬಲ್ಲ ಕನ್ನಡಿಗರಿಗೆ ಈ ಕಥೆ ಹೊಸತಲ್ಲ.

ದ್ವೀಪಕ್ಕೆ ಭೂಮಾರ್ಗವಾಗಿ ಹೋಗುವುದು ೧೯೯೭ರಲ್ಲಿ ತ್ಸಿಂಗ್ ಮಾ ಸೇತುವೆ ತೆರೆಯುವವರೆಗೂ ಸಾಧ್ಯವಿರಲಿಲ್ಲ. ಮರುವರ್ಷ ವಿಮಾನ ನಿಲ್ದಾಣವೂ ರೈಲೂ ಬಂದವು. ಇಂದು ನಗರದಿಂದ ತುಂಗ್ ಚುಂಗ್ ನಿಲ್ದಾಣದವರೆಗೆ ರೈಲಿನಲ್ಲಿ ಬಂದು ಅಲ್ಲಿ ಬಸ್ಸು ಹಿಡಿಯಬಹುದು. ಅಥವಾ ಹಳೆಯವರಂತೆ ದೋಣಿಯಲ್ಲಿ ಮುಯ್ ವೋ ಎಂಬ ಬಂದರಿಗೆ ಬಂದು ಅಲ್ಲಿ ಬಸ್ಸು ಹಿಡಿಯಬಹುದು. ಹೇಗೆ ಬಂದರೂ ಬಸ್ಸು ತಪ್ಪಿದ್ದಲ್ಲ. ಏಕೆಂದರೆ ದಕ್ಷಿಣ ಲಾಂಟಾವಿನ ರಸ್ತೆಗಳು ಪರವಾನಿಗೆಯಿಲ್ಲದ ಖಾಸಗಿ ಕಾರುಗಳಿಗೆ ಮುಚ್ಚಿವೆ. ಲಕ್ಷಾಧೀಶನಾದರೂ ತನ್ನ ಕಾರನ್ನು ಹಿಂದೆ ಬಿಟ್ಟು ನೀಲಿ ಟ್ಯಾಕ್ಸಿಗೆ ಕಾಯಬೇಕು, ಇಲ್ಲವೆ ಎಲ್ಲರೊಡನೆ ಸಾಲಿನಲ್ಲಿ ನಿಲ್ಲಬೇಕು. ಸಮಾನತೆಯನ್ನು ಕುರಿತು ಭಾಷಣ ಬಿಗಿಯದೆಯೇ ಅದನ್ನು ಜಾರಿಗೆ ತಂದ ರಸ್ತೆಗಳು ಜಗತ್ತಿನಲ್ಲಿ ಹೆಚ್ಚಾಗಿ ಇರಲಾರವು.

ದ್ವೀಪವನ್ನು ಬಳಸಿಕೊಂಡು ಮುಯ್ ವೋದಿಂದ ಹೊರಟು ಮರಳಿ ಮುಯ್ ವೋಕ್ಕೇ ಬಂದು ಸೇರುವ ಲಾಂಟಾವ್ ಹಾದಿ ೧೯೮೪ರಲ್ಲಿ ತೆರೆಯಿತು. ಒಟ್ಟು ೭೦ ಕಿಲೋಮೀಟರು, ೧೨ ಹಂತಗಳು. ಅನೇಕ ಹಂತಗಳ ಆದಿ ಅಂತ್ಯಗಳಲ್ಲಿ ಬಸ್ಸಿನ ನಿಲ್ದಾಣವಿರುವುದರಿಂದ ಮನಸ್ಸು ಬಂದಷ್ಟು ನಡೆದು, ಸಾಕೆನಿಸಿದಲ್ಲಿ ಮನೆಗೆ ಮರಳಬಹುದು. ಪ್ರತಿ ಐನೂರು ಮೀಟರಿಗೊಂದು ಸಂಖ್ಯೆ ಬರೆದ ಕಂಬ ನೆಟ್ಟಿದ್ದಾರೆ. ಯಾರಾದರೂ ಕಾಲು ಉಳುಕಿಸಿಕೊಂಡರೆ, ದಾರಿ ತಪ್ಪಿದರೆ, ಹತ್ತಿರದ ಕಂಬದ ಸಂಖ್ಯೆಯನ್ನು ಫೋನಿನಲ್ಲಿ ಹೇಳಿದರೆ ರಕ್ಷಣಾ ದಳದವರಿಗೆ ಸ್ಥಳ ನಿಖರವಾಗಿ ತಿಳಿಯುತ್ತದೆ. ನಮ್ಮ ಕುದುರೆಮುಖ, ಕೊಡಚಾದ್ರಿಗಳ ಮಂಜಿನಲ್ಲಿ ದಿಕ್ಕುಗೆಟ್ಟವರಿಗೆ ಇಂಥ ಒಂದು ಕಂಬದ ಬೆಲೆ ಗೊತ್ತು. ಖರ್ಚು ಅಲ್ಪ, ಉಪಕಾರ ಅಪಾರ.

ಹಾದಿಯ ಎರಡು ಮುಖ್ಯ ಶಿಖರಗಳ ನಡುವೆ ಪಾಕ್ ಕುಂಗ್ ಆವ್ ಎಂಬ ಕಣಿವೆ ಬಾಗಿಲಿದೆ. ಬಸ್ಸು ಅಲ್ಲಿ ನಿಲ್ಲುತ್ತದೆ. ಇಳಿದವರಲ್ಲಿ ಪೂರ್ವಕ್ಕೆ ತಿರುಗಿದವರು ೮೬೯ ಮೀಟರಿನ ಸೂರ್ಯಾಸ್ತ ಶಿಖರವನ್ನೂ, ಪಶ್ಚಿಮಕ್ಕೆ ತಿರುಗಿದವರು ೯೩೪ ಮೀಟರಿನ ಫುಂಗ್ ವೋಂಗ್ ಶಿಖರವನ್ನೂ ಏರುತ್ತಾರೆ. ಸೂರ್ಯಾಸ್ತ ಶಿಖರದ ಬಳಿ ಮಂಜಿನ ನಡುವೆ ತಲೆಯೆತ್ತುವ ಕಲ್ಲಿನ ಕಿರುಮನೆಗಳು ಸುಮಾರು ಇಪ್ಪತ್ತು. ಚೀನಾದಲ್ಲಿ ದುಡಿಯುತ್ತಿದ್ದ ಕ್ರೈಸ್ತ ಮಿಷನರಿಗಳು ಬೇಸಗೆಯ ಬೇಗೆಯಿಂದ ತಪ್ಪಿಸಿಕೊಳ್ಳಲು ೧೯೨೦ರ ದಶಕದಲ್ಲಿ ಕಟ್ಟಿಕೊಂಡ ಮನೆಗಳಿವು. ನಮ್ಮ ಉದಕಮಂಡಲದ ಬಡ ತಮ್ಮಂದಿರೆನ್ನಬಹುದು. ಶರತ್ಕಾಲದ ಕೊನೆಗೆ ಅಲ್ಲಿನ ಹುಲ್ಲೆಲ್ಲ ಬೆಳ್ಳಿಯ ತೆನೆ ಹೊತ್ತು, ಇಳಿಬಿಸಿಲಿಗೆ ಬಂಗಾರವಾಗಿ, ಗಾಳಿಗೆ ಬಾಗುತ್ತದೆ.

ಫುಂಗ್ ವೋಂಗ್ ಎಂದರೆ ಚೀನೀ ಪುರಾಣದ ಮಂಗಳಪಕ್ಷಿ. ಮುಳ್ಳಯ್ಯನಗಿರಿಯ ೧,೯೩೦ ಮೀಟರಿನ ಮುಂದೆ ಇದರ ಎತ್ತರ ಅರ್ಧಕ್ಕೂ ಕಡಿಮೆಯಲ್ಲವೇ ಎಂದು ಮೂಗೆಳೆಯಬಾರದು. ಕಡಲು ಬುಡದಲ್ಲಿಯೇ ಇರುವುದರಿಂದ ಆ ಎತ್ತರದ ಪ್ರತಿಯೊಂದು ಮೀಟರೂ ಕಣ್ಣಿಗೆ ಕಾಣುತ್ತದೆ. ಕಡಿದಾದ ಮೆಟ್ಟಿಲುಗಳಿಂದಾಗಿ ಮೊಣಕಾಲಿಗೂ ತಿಳಿಯುತ್ತದೆ. ಸೂರ್ಯೋದಯ ನೋಡಬೇಕೆನ್ನುವವರು ಹಿಂದಿನ ರಾತ್ರಿಯೇ ಶಿಖರದಾಚೆಯ ಎಂಗೋಂಗ್ ಪಿಂಗ್ ಪ್ರಸ್ಥಭೂಮಿಯಲ್ಲಿ ತಂಗಿ, ಬ್ಯಾಟರಿ ದೀಪದ ಬೆಳಕಿನಲ್ಲಿ ಏರುತ್ತಾರೆ.

ಬರಿದಾದ ಒಂದು ಕಂಬ

ಶಿಖರದಿಂದ ಎಂಗೋಂಗ್ ಪಿಂಗ್ ಕಡೆಗೆ ಇಳಿಯುವ ದಾರಿಯ ಕೊನೆಯಲ್ಲಿ ಕನ್ನಡಿಗರು ನಿಂತು ನೋಡಲೇಬೇಕಾದ ಒಂದು ಸ್ಥಳವಿದೆ. ಇಳಿಜಾರಿನ ಮೇಲೆ ಮೂವತ್ತೆಂಟು ಮರದ ಬೃಹತ್ ಕಂಬಗಳನ್ನು, ಎಂಟರ ಅಂಕೆಯನ್ನು ಮಲಗಿಸಿದಂತೆ, ಅನಂತದ ಚಿಹ್ನೆಯ ಆಕಾರದಲ್ಲಿ ನಿಲ್ಲಿಸಿದ್ದಾರೆ. ಅವುಗಳ ಮೇಲೆ ಕೆತ್ತಿರುವುದು ಪ್ರಜ್ಞಾಪಾರಮಿತಾ ಹೃದಯಸೂತ್ರ. ಚೀನೀ ಭಾಷೆಯಲ್ಲಿ ಎಲ್ಲರೂ ಪಠಿಸುವ ಈ ಸೂತ್ರದ ಅನುವಾದ ಸಂಪ್ರದಾಯದಂತೆ ಹ್ಯೂಯೆನ್ ತ್ಸಾಂಗನದು. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಆ ನಾಡಿನ ಜನ ಉಪಕಾರವನ್ನು ಮರೆಯದವರೆಂದೂ ಅಪಮಾನವನ್ನು ಸಹಿಸದವರೆಂದೂ ಬರೆದಿಟ್ಟ ಯಾತ್ರಿಕ ಇವನೇ. ಕಂಬಗಳ ಅಕ್ಷರಗಳನ್ನು ಬರೆದುಕೊಟ್ಟವರು ಜಾವ್ ತ್ಸುಂಗ್ ಈ (೧೯೧೭–೨೦೧೮) ಎಂಬ ಮಹಾವಿದ್ವಾಂಸರು. ಇವರೂ ಭಾರತಕ್ಕೆ ಹೊಸಬರಲ್ಲ. ೧೯೬೩ರಲ್ಲಿ ಪುಣೆಯ ಭಂಡಾರ್ಕರ್ ಸಂಶೋಧನ ಮಂದಿರದಲ್ಲಿ ಅಧ್ಯಯನ ನಡೆಸಿದವರು. ಇಳಿಜಾರಿನ ಅತ್ಯಂತ ಮೇಲಿನ ಕಂಬದ ಮೇಲೆ ಒಂದಕ್ಷರವೂ ಇಲ್ಲ. ಶೂನ್ಯತೆಯೇ ಸೂತ್ರದ ಸಾರವಾದುದರಿಂದ ಅದನ್ನು ಬರಿದಾಗಿಯೇ ಬಿಟ್ಟಿದ್ದಾರೆ. ಭಾರತದಿಂದ ಹೋದ ಒಂದು ಚಿಂತನೆ ಚೀನೀಯರ ಕೈಯಲ್ಲಿ ಮರವಾಗಿ ಬೆಟ್ಟದ ಮೇಲೆ ನಿಂತಿರುವುದನ್ನು ನೋಡಲು ಅಲ್ಲಿ ಒಂದು ಕಾಸಿನ ಶುಲ್ಕವೂ ಇಲ್ಲ.

ಹತ್ತಿರದಲ್ಲಿಯೇ ೧೯೦೬ರಲ್ಲಿ ಮೊದಲಾದ ಪೋ ಲಿನ್ ವಿಹಾರವೂ, ೧೯೯೩ರಲ್ಲಿ ಲೋಕಾರ್ಪಣೆಗೊಂಡ ಕಂಚಿನ ಮಹಾಬುದ್ಧನೂ ಇವೆ. ಪೀಠಸಹಿತ ಮೂವತ್ತನಾಲ್ಕು ಮೀಟರಿನ ಮೂರ್ತಿ, ೨೬೮ ಮೆಟ್ಟಿಲು. ೨೦೦೬ರಿಂದ ತೂಗುತೊಟ್ಟಿಲ ಗಾಡಿಯೂ ನಡೆಯುತ್ತಿರುವುದರಿಂದ ಜನಜಂಗುಳಿ ಬಹಳ. ಆದರೆ ವಿಹಾರದಲ್ಲಿ ಶುದ್ಧ ಸಸ್ಯಾಹಾರದ ಊಟ ದೊರೆಯುತ್ತದೆ; ಪರದೇಶದಲ್ಲಿ ನಮ್ಮ ಕುಟುಂಬಗಳು ಪಡುವ ಪಾಡನ್ನು ಬಲ್ಲವರಿಗೆ ಇದು ಮಹಾಬುದ್ಧನಿಗಿಂತ ಚಿಕ್ಕ ಸುದ್ದಿಯೇನಲ್ಲ.

ಪಶ್ಚಿಮದ ತುದಿಯಲ್ಲಿರುವ ತಾಯ್ ಓ ಎಂಬ ಬೆಸ್ತರ ಊರಿನಲ್ಲಿ ಮನೆಗಳು ಉಬ್ಬರವಿಳಿತದ ನೀರಿನ ಮೇಲೆ ಊರೆಗಂಬಗಳನ್ನೂರಿ ನಿಂತಿವೆ. ತಲೆಮಾರುಗಳ ಕಾಲ ದೋಣಿಯಲ್ಲಿಯೇ ಹುಟ್ಟಿ ಬೆಳೆದವರು ನೆಲಕ್ಕೆ ಬಂದರೂ ನೀರನ್ನು ಬಿಡಲಿಲ್ಲ. ೧೯೯೬ರಲ್ಲಿ ಕಾಲುಸೇತುವೆಯಾಗುವವರೆಗೂ ಅಲ್ಲಿನ ಹೆಂಗಸರು ಹಗ್ಗ ಜಗ್ಗಿ ದೋಣಿಯನ್ನು ಎಳೆದು ಜನರನ್ನು ದಾಟಿಸುತ್ತಿದ್ದರು. ೨೦೦೦ದ ಬೆಂಕಿಯಲ್ಲಿ ಅನೇಕ ಮನೆಗಳು ಸುಟ್ಟುಹೋದವು, ಮತ್ತೆ ಕಟ್ಟಿಕೊಂಡರು. ಉಪ್ಪಿನ ಗದ್ದೆಗಳು ಮಾತ್ರ ಹಿಂದೆಯೇ ಮುಗಿದುಹೋಗಿವೆ. ಬಿಸಿಲಿಗೆ ಹರಡಿದ ಸಿಗಡಿಯ ಹಿಟ್ಟಿನ ವಾಸನೆ ಬಸ್ಸಿನ ನಿಲ್ದಾಣಕ್ಕೇ ಬಂದು ಸ್ವಾಗತಿಸುತ್ತದೆ.

ದಾರಿಯುದ್ದಕ್ಕೂ ಎದುರಾಗುವ ದನಗಳ ಮಾತನ್ನೂ ಹೇಳಬೇಕು. ೧೯೭೦ರ ದಶಕದ ವೇಳೆಗೆ ಬೇಸಾಯ ಕ್ಷೀಣಿಸಿ ರೈತರು ಪಟ್ಟಣಕ್ಕೆ ಹೊರಟಾಗ ಬಿಟ್ಟುಹೋದ ಉಳುವ ಎತ್ತು ಹಸುಗಳ ಸಂತತಿ ಇಂದು ಒಡೆಯರಿಲ್ಲದೆ ದ್ವೀಪದಲ್ಲಿ ತಿರುಗುತ್ತಿದೆ. ಪುಯ್ ಓ ಎಂಬಲ್ಲಿನ ಜೌಗು ಗದ್ದೆಗಳಲ್ಲಿ ಎಮ್ಮೆಗಳ ಹಿಂಡೇ ಇದೆ. ಬಸ್ಸು ನಿಂತಿತೆಂದರೆ ಮುಂದೆ ಹಸು ಮಲಗಿದೆಯೆಂದು ಊಹಿಸಬಹುದು. ಚಾಲಕ ತಾಳ್ಮೆಯಿಂದ ಕಾಯುತ್ತಾನೆ. ಮೈಸೂರಿನವರಿಗೆ ಊರಿನ ನೆನಪಾಗಲು ಇಷ್ಟು ಸಾಕು.

ಮಲ್ಪೆಯ ಕಲ್ಲಿನ ದಾಯಾದಿ

ಪೂರ್ವದಲ್ಲಿ ಸಾಯ್ ಕುಂಗ್ ಕಡೆಗೆ ಹೋದರೆ ದ್ವೀಪವಾಗಿದ್ದು ದ್ವೀಪವಲ್ಲದಂತಾದ ಒಂದು ಸ್ಥಳವಿದೆ. ಹೈ ಐಲೆಂಡ್ ಎಂಬ ದ್ವೀಪಕ್ಕೂ ನೆಲಕ್ಕೂ ನಡುವೆ ಇದ್ದ ಕಡಲ ಕಾಲುವೆಗೆ ಎರಡೂ ಕಡೆ ಅಣೆಕಟ್ಟು ಹಾಕಿ, ಉಪ್ಪು ನೀರನ್ನು ಹೊರಹಾಕಿ, ೧೯೭೮ರಲ್ಲಿ ಸಿಹಿನೀರಿನ ಜಲಾಶಯ ಮಾಡಿದರು. ಸಾಯ್ ಕುಂಗಿನಿಂದ ೯೪ನೆಯ ನಂಬರಿನ ಬಸ್ಸಿನಲ್ಲಿ ಪಾಕ್ ತಾಮ್ ಚುಂಗ್ ಎಂಬಲ್ಲಿ ಇಳಿದು ಮ್ಯಾಕ್ಲಹೋಸ್ ಹಾದಿಯ ಮೊದಲ ಹಂತವನ್ನು ನಡೆದರೆ ಪೂರ್ವದ ಅಣೆಕಟ್ಟು ಸಿಗುತ್ತದೆ. ಅಲ್ಲಿ ಆರು ಮೂಲೆಯ ಕಲ್ಲುಗಂಬಗಳು ಜೇನುಹಲ್ಲೆಯಂತೆ ಒತ್ತೊತ್ತಾಗಿ ನಿಂತಿವೆ. ಸುಮಾರು ೧೪ ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ದಪ್ಪವಾಗಿ ಶೇಖರಗೊಂಡು, ನಿಧಾನವಾಗಿ ಆರುತ್ತ, ಕುಗ್ಗುತ್ತ ಬಿರುಕು ಬಿಟ್ಟುದರ ಫಲವಿದು. ಇಂಥ ಕಂಬಗಳು ಲೋಕದ ಬೇರೆಡೆ ಸಾಮಾನ್ಯವಾಗಿ ಕರಿಯ ಬಸಾಲ್ಟ್ ಕಲ್ಲಿನವು. ಇಲ್ಲಿಯ ಕಲ್ಲು ಸಿಲಿಕಾಂಶ ಹೆಚ್ಚಿರುವ ಬೇರೆ ಜಾತಿಯದು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಳೂ ಇದೇ ಸಿಲಿಕಾಂಶದ ಜಾತಿಗೆ ಸೇರಿದವು. ವಯಸ್ಸಿನಲ್ಲಿ ಮಾತ್ರ ಕಿರಿಯವು, ೯ ಕೋಟಿ ವರ್ಷಕ್ಕೆ ಸ್ವಲ್ಪ ಕಡಿಮೆ. ಉಡುಪಿಯಿಂದ ಬಸ್ಸಿನಲ್ಲಿ ಮಲ್ಪೆಗೆ ಹೋಗಿ ದೋಣಿ ಹತ್ತಿದವರು ಆ ದೂರದ ದಾಯಾದಿಯನ್ನು ಇಲ್ಲಿಯೇ ಕಂಡಂತೆ.

ನಡೆಯಲು ತಕ್ಕ ಕಾಲ ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಬೇಸಗೆಯ ಸೆಕೆಯಲ್ಲಿ ನೆರಳಿಲ್ಲದ ಏಣುಗಳ ಮೇಲೆ ಗಟ್ಟಿಮುಟ್ಟಾದವರೂ ಬಸವಳಿದು ಬಿದ್ದಿದ್ದಾರೆ. ತೂಫಾನಿನ ಎಂಟನೆಯ ಸಂಕೇತವೇರಿದರೆ ಬಸ್ಸುಗಳು ನಿಲ್ಲುತ್ತವೆ. ಬೆಟ್ಟದ ಯೋಚನೆಯನ್ನು ಅದಕ್ಕೆ ಮುಂಚೆಯೇ ಬಿಡಬೇಕು. ಹಾದಿಗಳಲ್ಲಿ ಕಸದ ಡಬ್ಬಿಗಳನ್ನು ೨೦೧೭ರ ಕೊನೆಯ ವೇಳೆಗೆ ಎತ್ತಿಹಾಕಿದ್ದಾರೆ. ಕಸ ತಂದವರೇ ಕಸವನ್ನು ಹೊತ್ತು ಬಸ್ಸು ಹತ್ತಬೇಕೆಂಬುದು ಅಲ್ಲಿನ ನಿಯಮ.

ಇಷ್ಟಾದರೂ ಬೆಟ್ಟಗಳ ಮೇಲಣ ಹಕ್ಕು ತೀರ್ಮಾನವಾಗಿಬಿಟ್ಟಿದೆಯೆಂದು ಭಾವಿಸಬಾರದು. ಆ ನಗರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಒಂದು ಮನೆಯನ್ನು ಹಲಗೆ ಗೋಡೆಗಳಿಂದ ಪಾಲು ಮಾಡಿದ ಗೂಡುಗಳಲ್ಲಿದ್ದಾರೆ. ಒಲೆಯ ಪಕ್ಕದಲ್ಲಿಯೇ ಪಾಯಖಾನೆಯಿರುವ ಕೋಣೆಯಲ್ಲಿ ಮಕ್ಕಳನ್ನು ಸಾಕುವ ತಾಯಿಗೆ ಬೆಳ್ಳಿಹುಲ್ಲಿನ ಸೊಬಗನ್ನು ಬಣ್ಣಿಸುವುದು ಕ್ರೌರ್ಯವೇ ಆದೀತು. ಬೆಟ್ಟದ ಅಂಚಿನ ಒಂದಿಷ್ಟು ನೆಲವನ್ನು ಮನೆಗಳಿಗೆ ಬಿಟ್ಟುಕೊಟ್ಟರೇನು ಎಂಬ ಮಾತು ಹುಟ್ಟುವುದು ಇಲ್ಲಿಯೇ. ೨೦೧೭ರಲ್ಲಿ ಕಂಟ್ರಿ ಪಾರ್ಕುಗಳ ಅಂಚಿನ ಎರಡು ಸ್ಥಳಗಳ ಅಧ್ಯಯನಕ್ಕೆ ಸರ್ಕಾರವೇ ಮುಂದಾಯಿತು. ವಿರೋಧದ ನಡುವೆ ೨೦೧೯ರಲ್ಲಿ ಅದು ನಿಂತಿತು. ಬೆಟ್ಟವನ್ನು ಮುಟ್ಟದೆ ಕಡಲನ್ನು ತುಂಬೋಣವೆಂದು ೨೦೧೮ರಲ್ಲಿ ಲಾಂಟಾವಿನ ಪೂರ್ವಕ್ಕೆ ಕೃತಕ ದ್ವೀಪಗಳನ್ನು ನಿರ್ಮಿಸುವ ಬೃಹದ್ಯೋಜನೆ ಪ್ರಕಟವಾಯಿತು. ಮೊದಲ ಘಟ್ಟಕ್ಕೇ ೬೨,೪೦೦ ಕೋಟಿ ಹಾಂಗ್‌ಕಾಂಗ್ ಡಾಲರುಗಳ ಅಂದಾಜು ಹಾಕಿದರು. ಬೆಸ್ತರೂ ನಿಸರ್ಗಪ್ರಿಯರೂ ಪ್ರತಿಭಟಿಸಿದರು. ಬೊಕ್ಕಸ ಬರಿದಾಗತೊಡಗಿದಾಗ, ೨೦೨೪ರಲ್ಲಿ, ಸರ್ಕಾರವೇ ಅದನ್ನು ಕೆಲವು ವರ್ಷಗಳ ಮಟ್ಟಿಗೆ ಮುಂದೆ ಹಾಕಿತು. ಇಕ್ಕಟ್ಟಿನಲ್ಲಿರುವವರಿಗೆ ಮನೆ ಬೇಕೆಂಬುದು ನಿಜ. ಆದರೆ ಅವರಿಗೆ ವಾರಕ್ಕೊಮ್ಮೆ ಬಸ್ಸಿನ ದರಕ್ಕೆ ದಕ್ಕುವ ಒಂದೇ ವಿಶಾಲವಾದ ಕೋಣೆಯೂ ಈ ಬೆಟ್ಟವೇ ಎಂಬುದೂ ಅಷ್ಟೇ ನಿಜ. ಲೆಕ್ಕ ಹಾಕುವವರು ಎರಡನೆಯದನ್ನು ಬಿಟ್ಟು ಬಿಡುವುದುಂಟು.

ಇದಲ್ಲದೆ ಹಾದಿಗಳ ಮಣ್ಣಿಗೆ ಸಿಮೆಂಟು ಹಾಕುವುದರ ವಿರುದ್ಧ ನಡೆಯುವವರೇ ಅರ್ಜಿ ಹಾಕಿ ಹೋರಾಡಿದ್ದಾರೆ. ಅನಂತರ ಹಲವು ಕಡೆ ಕಲ್ಲು, ಮರಗಳಿಂದಲೇ ದುರಸ್ತಿ ನಡೆಯುತ್ತಿದ್ದು, ಸ್ವಯಂಸೇವಕರೂ ಕೈಗೂಡಿಸುತ್ತಾರೆ. ಮುಚ್ಚಿದ ರಸ್ತೆಗಳ ಬಾಗಿಲೂ ಕೊಂಚ ಸಡಿಲವಾಗಿದೆ: ೨೦೧೬ರಲ್ಲಿ ವಾರದ ದಿನಗಳಲ್ಲಿ ದಿನಕ್ಕೆ ಇಪ್ಪತ್ತೈದು ಖಾಸಗಿ ಕಾರುಗಳಿಗೆ ಅನುಮತಿ ನೀಡಲು ಆರಂಭಿಸಿದರು. ಇಪ್ಪತ್ತೈದು ದೊಡ್ಡ ಸಂಖ್ಯೆಯಲ್ಲ. ಆದರೆ ದ್ವೀಪದ ಹಳಬರಿಗೆ ಸಂಖ್ಯೆಗಿಂತ ಬಾಗಿಲಿನ ಚಿಂತೆ ಹೆಚ್ಚು. ಕಾರು ಬಂದಲ್ಲಿ ಕಾರು ನಿಲ್ಲಿಸುವ ಬಯಲು ಬೇಕು, ಬಯಲು ಬಂದಲ್ಲಿ ಅಂಗಡಿ ಬೇಕು.

ಸದ್ಯಕ್ಕಂತೂ ಭಾನುವಾರ ಸಂಜೆ ತಾಯ್ ಓ ನಿಲ್ದಾಣದಲ್ಲಿ ಉದ್ದನೆಯ ಸಾಲು. ಲಾಂಟಾವಿನ ಬಸ್ಸುಗಳಲ್ಲಿ ರಜಾದಿನಗಳ ದರ ವಾರದ ದಿನಗಳದಕ್ಕಿಂತ ಹೆಚ್ಚು. ಆ ಬಗ್ಗೆ ಸಾಲಿನಲ್ಲಿ ಗೊಣಗಾಟವೂ ಹೆಚ್ಚು. ತುಂಗ್ ಚುಂಗಿಗೆ ೧೧ನೆಯ ನಂಬರು, ಮುಯ್ ವೋಕ್ಕೆ ೧ನೆಯ ನಂಬರು. ಕುಳಿತುಕೊಳ್ಳಲು ಸ್ಥಳ ಬೇಕಾದವರು ಕತ್ತಲಾಗುವುದಕ್ಕೆ ಮುಂಚೆಯೇ ಬಂದು ನಿಲ್ಲುವುದು ಲೇಸು.